ಜುಟ್ಟಿನ ಗಿಡುಗದ ಕುಲ ಮತ್ತು ನೆಲೆ

ಕರ್ನಾಟಕದ ಹಕ್ಕಿಗಳ ಪಟ್ಟಿಯಲ್ಲಿ ಆಕ್ಸಿಪಿಟರ್ ಎಂಬ ಕುಲದ (ಹತ್ತಿರದ ನಂಟಿನ ಪ್ರಭೇದಗಳ ಗುಂಪಿನ) ಕೆಳಗೆ ನಾಲ್ಕು ಗಿಡುಗಗಳು ಬಹುಕಾಲ ಒಟ್ಟಿಗೆ ಇದ್ದವು. ಊರಂಚಿನ ತೋಪುಗಳಲ್ಲಿಯೂ ನಗರದ ಬೀದಿಮರಗಳಲ್ಲಿಯೂ ಸಿಗುವ ಶಿಕ್ರ, ಕಾಡಿನ ಒಳಗೆ ಅಡಗಿ ಬಾಳುವ ಬೆಸ್ರಾ, ಚಳಿಗಾಲಕ್ಕೆ ಉತ್ತರದಿಂದ ಬಂದು ಹೋಗುವ ಯುರೇಷಿಯನ್ ಸ್ಪ್ಯಾರೋಹಾಕ್, ಮತ್ತು ಮಲೆನಾಡಿನ ಮರಗಳ ನೆತ್ತಿಯ ಮೇಲೆ ಒಮ್ಮೊಮ್ಮೆ ಕಾಣಿಸಿಕೊಳ್ಳುವ ಕ್ರೆಸ್ಟೆಡ್ ಗಾಸ್‌ಹಾಕ್. 2024ರಲ್ಲಿ, ಪಕ್ಷಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಅಂತರ್ಜಾಲ ತಾಣವಾದ ಇಬರ್ಡ್ ತನ್ನ ವರ್ಗೀಕರಣವನ್ನು ಪರಿಷ್ಕರಿಸಿದಾಗ ಈ ನಾಲ್ಕು ಹಕ್ಕಿಗಳು ಮೂರು ಕುಲಗಳಿಗೆ ಹಂಚಿಹೋದವು. ಸ್ಪ್ಯಾರೋಹಾಕ್ ಒಂದೇ ಆಕ್ಸಿಪಿಟರ್ ಆಗಿ ಉಳಿಯಿತು. ಶಿಕ್ರ ಮತ್ತು ಬೆಸ್ರಾ ಟ್ಯಾಕಿಸ್ಪೈಜಾ ಆದವು. ಗಾಸ್‌ಹಾಕ್ ಲೋಫೋಸ್ಪೈಜಾ ಎಂಬ, ನಮ್ಮಲ್ಲಿ ಹೆಚ್ಚಿನವರು ಅದುವರೆಗೆ ಕೇಳಿಯೇ ಇರದಿದ್ದ ಕುಲಕ್ಕೆ ಸೇರಿತು. ಇಂತಹ ಬದಲಾವಣೆಗಳನ್ನು ಲೆಕ್ಕಪತ್ರದ ತಿದ್ದುಪಡಿಯೆಂದು ಬದಿಗೆ ಸರಿಸುವುದು ಸುಲಭ. ನಾನೂ ಸಾಮಾನ್ಯವಾಗಿ ಹಾಗೆಯೇ ಮಾಡುತ್ತೇನೆ. ಆದರೆ ಈ ಒಂದು ತಿದ್ದುಪಡಿಯ ಹಿಂದೆ ಗಿಡುಗ ಎಂದರೆ ಏನು, ಯಾವ ಹಕ್ಕಿ ಯಾವುದಕ್ಕೆ ನಂಟು, ಯಾವುದು ಎಲ್ಲಿ ಏಕೆ ಇದೆ ಎಂಬ ಪ್ರಶ್ನೆಗಳೆಲ್ಲ ಸೇರಿಕೊಂಡಿವೆ ಎಂಬುದು ಓದುತ್ತ ಹೋದಂತೆ ತಿಳಿಯಿತು.

ಈ ಬರಹದಲ್ಲಿ ಕ್ರೆಸ್ಟೆಡ್ ಗಾಸ್‌ಹಾಕನ್ನು ಜುಟ್ಟಿನ ಗಿಡುಗ ಎಂದೇ ಕರೆಯುತ್ತೇನೆ. ಇದೇ ಕಾಡುಗಳಲ್ಲಿರುವ, ಇದಕ್ಕಿಂತ ಬಹಳ ದೊಡ್ಡದಾದ, ಉದ್ದ ಜುಟ್ಟಿನ ಹಾಕ್-ಈಗಲ್‌ ಜೊತೆ ಇದನ್ನು ಕಲಸಿಕೊಳ್ಳಬಾರದು.

ಮೊದಲು ಹಕ್ಕಿಯನ್ನೇ ನೋಡೋಣ. ಉದ್ದ 30ರಿಂದ 46 ಸೆಂಟಿಮೀಟರ್. ಈ ಗುಂಪಿನ ಬೇಟೆಹಕ್ಕಿಗಳಲ್ಲಿ ರೂಢಿಯಾಗಿರುವಂತೆ ಹೆಣ್ಣು ಗಂಡಿಗಿಂತ ಎದ್ದು ಕಾಣುವಷ್ಟು ದೊಡ್ಡದು. ತಲೆ ಬೂದು, ಬೆನ್ನು ಕಂದು, ಎದೆಯ ಮೇಲೆ ಕಂದುಗೆಂಪಿನ ಉದ್ದಗೆರೆಗಳು, ಹೊಟ್ಟೆಯ ಮೇಲೆ ಅಡ್ಡಪಟ್ಟೆಗಳು, ಬಿಳಿಯ ಗಂಟಲಿನ ನಡುವೆ ಮಸಿಯಲ್ಲಿ ಎಳೆದಂತಹ ಒಂದು ಕಪ್ಪು ಗೆರೆ. ಹೆಸರಿಗೆ ಕಾರಣವಾದ ಜುಟ್ಟು ಮಾತ್ರ ನಂಬಿಕೆಗೆ ಅರ್ಹವಾದ ಗುರುತಲ್ಲ. ಅದು ನೆತ್ತಿಯ ಹಿಂಭಾಗದಲ್ಲಿ ಗರಿಗಳು ತುಸು ಚೂಪಾಗಿ ಸೇರಿದ ಒಂದು ಮೊನೆಯಷ್ಟೆ, ಹಕ್ಕಿ ನಿರಾಳವಾಗಿ ಕುಳಿತಾಗ ತಲೆಗೆ ಅಂಟಿಕೊಂಡು ಕಾಣದೆ ಹೋಗುತ್ತದೆ. ಬೈನಾಕ್ಯುಲರಿನಲ್ಲಿ ನಾನು ಮೊದಲು ಹುಡುಕುವುದು ಕಾಲುಗಳನ್ನು. ಬೆಸ್ರಾದ ಗಂಟಲಿಗೂ ಅಂತಹದೇ ಗೆರೆ ಇದೆ, ಎದೆಯ ಬಣ್ಣವೂ ಹತ್ತಿರ ಹತ್ತಿರ ಅದೇ. ಆದರೆ ಬೆಸ್ರಾದ ಕಾಲು ಸಣಕಲು, ಬೆರಳುಗಳು ನೀಳ, ಹಾರುವ ಸಣ್ಣ ಹಕ್ಕಿಯನ್ನು ಗಾಳಿಯಲ್ಲೇ ಹಿಡಿಯುವುದಕ್ಕೆ ತಕ್ಕಂತೆ ಇರುವವು. ಜುಟ್ಟಿನ ಗಿಡುಗದ ಹಳದಿ ಕಾಲುಗಳು ಗಿಡ್ಡವೂ ದಪ್ಪವೂ ಆಗಿದ್ದು, ಓತಿಕ್ಯಾತ, ಕಪ್ಪೆ, ಅಳಿಲು, ಇಲಿ, ಹಕ್ಕಿ, ಏನು ಸಿಕ್ಕರೂ ಅದುಮಿ ಹಿಡಿಯುವಂತಹವು. ರೆಕ್ಕೆಗಳು ಅಗಲ ಮತ್ತು ಮೊಂಡು. ಕುಳಿತಾಗ ಅವುಗಳ ತುದಿ ಬಾಲದ ಬುಡವನ್ನು ದಾಟಿ ಹೆಚ್ಚು ಮುಂದಕ್ಕೆ ಚಾಚುವುದಿಲ್ಲ.

ಹಾರುವಾಗ ಗುರುತಿಸುವುದು ಇನ್ನೂ ಸುಲಭ. ಚಳಿ ಇಳಿದು ಬಿಸಿಲು ಏರುವ ತಿಂಗಳುಗಳಲ್ಲಿ, ಮಂಜು ಕರಗಿದ ಮೇಲೆ, ಕಾಫಿ ತೋಟದ ನೆರಳುಮರಗಳಿಗಿಂತ ಮೇಲೆ ಅದು ಸುತ್ತು ಹಾಕುತ್ತದೆ. ಸುತ್ತುತ್ತಿರುವಾಗಲೇ ರೆಕ್ಕೆಗಳನ್ನು ಮೈಯ ಮಟ್ಟಕ್ಕಿಂತ ಕೆಳಗೆ ಬಾಗಿಸಿ, ಪೂರ್ತಿ ಬಡಿಯದೆ, ತುದಿಗಳನ್ನಷ್ಟೇ ಥರಥರ ನಡುಗಿಸುತ್ತದೆ. ಅದೇ ಹೊತ್ತಿಗೆ ಬಾಲದ ಕೆಳಗಿನ ಬಿಳಿ ಗರಿಗಳು ಹತ್ತಿಯಂತೆ ಉಬ್ಬಿ ಬಾಲದ ಬುಡದ ಎರಡು ಬದಿಗಳಿಗೂ ಹೊರಚಾಚಿಕೊಳ್ಳುತ್ತವೆ. ಕೆಳಗಿನಿಂದ ನೋಡುವವರಿಗೆ ಹಕ್ಕಿಯ ಸೊಂಟಕ್ಕೆ ಬಿಳಿ ಬಟ್ಟೆ ಸುತ್ತಿದಂತೆ ಕಾಣುತ್ತದೆ. ಇದು ಜೋಡಿಯನ್ನು ಒಲಿಸುವ, ಗಡಿಯನ್ನು ಸಾರುವ ಹಾರಾಟ. ಇಷ್ಟು ಹೊತ್ತು ಅದು ತೆರೆದ ಆಕಾಶದಲ್ಲಿರುವುದೇ ಅಪರೂಪ. ಉಳಿದ ಸಮಯವೆಲ್ಲ ಎಲೆಗಳ ಮರೆಯಲ್ಲಿ ಕಳೆಯುವ ಹಕ್ಕಿ ಇದು. ಅದು ಹತ್ತಿರದಲ್ಲಿದೆ ಎಂಬ ಸುದ್ದಿ ಎಷ್ಟೋ ಸಲ ಬೇರೆಯವರಿಂದ ಬರುತ್ತದೆ: ಕೆಂಜಳಿಲು ಒಂದೇ ಸಮನೆ ಗದ್ದಲವೆಬ್ಬಿಸುತ್ತದೆ, ಭೀಮರಾಜ ರೇಗುತ್ತದೆ. ಭೀಮರಾಜ ಗಿಡುಗಗಳ ಕೂಗನ್ನೇ ಅನುಕರಿಸುವ ಹಕ್ಕಿಯಾದ್ದರಿಂದ ಅದರ ಸಾಕ್ಷ್ಯವನ್ನು ಪೂರ್ತಿ ನೆಚ್ಚುವಂತಿಲ್ಲ.

ಹೆಸರಿನ ಇತಿಹಾಸ ಸುಮಾತ್ರಾದಿಂದ ಶುರುವಾಗುತ್ತದೆ. ಹಾಲೆಂಡಿನ ಲೈಡನ್ ನಗರದ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಕೊನ್ರಾಡ್ ಯಾಕೋಬ್ ಟೆಮಿಂಕ್, ಆ ದ್ವೀಪದಿಂದ ಬಂದ ಮಾದರಿಯನ್ನು 1824ರಲ್ಲಿ ಫಾಲ್ಕೋ ಟ್ರೈವಿರ್ಗೇಟಸ್ ಎಂದು ಹೆಸರಿಸಿದ. ಆ ಕಾಲದಲ್ಲಿ ಹಗಲು ಬೇಟೆಯಾಡುವ ಕೊಕ್ಕೆಕೊಕ್ಕಿನ ಹಕ್ಕಿಗಳನ್ನು ಫಾಲ್ಕೋ ಎಂಬ ಒಂದೇ ಚೀಲಕ್ಕೆ ತುಂಬುವ ರೂಢಿ ಇನ್ನೂ ಉಳಿದಿತ್ತು. ಜೀವಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ 1758ರಲ್ಲಿ ಯುರೋಪಿನ ದೊಡ್ಡ ಗಾಸ್‌ಹಾಕನ್ನು ಹೆಸರಿಸಿದ್ದೂ ಫಾಲ್ಕೋ ಎಂದೇ. ಕಠ್ಮಂಡುವಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದು, ಅಧಿಕಾರಕ್ಕಿಂತ ಹೆಚ್ಚಾಗಿ ಹಕ್ಕಿ ಮತ್ತು ಪ್ರಾಣಿಗಳಿಂದಲೇ ನೆನಪಿನಲ್ಲಿ ಉಳಿದಿರುವ ಬ್ರಯಾನ್ ಹಾಡ್ಜ್‌ಸನ್ 1836ರಲ್ಲಿ ಹಿಮಾಲಯದ ಕಡೆಯ ಹಕ್ಕಿಗೆ ಇಂಡಿಕಾ ಎಂಬ ಹೆಸರು ಕೊಟ್ಟ. ಹೀಗೆ ಒಂದೇ ಹಕ್ಕಿಗೆ ಎರಡು ತುದಿಗಳಿಂದ ಹೆಸರು ಬಂತು, ನಡುವೆ ಇದ್ದ ಸಾವಿರಾರು ಕಿಲೋಮೀಟರ್ ಕಾಡು ಆಮೇಲೆ ನಿಧಾನವಾಗಿ ತುಂಬಿಕೊಂಡಿತು.

ಈಗ ಮರಳಿ ಬಂದಿರುವ ಲೋಫೋಸ್ಪೈಜಾ ಎಂಬ ಕುಲನಾಮವನ್ನು 1844ರಲ್ಲಿ ಕೊಟ್ಟವನು ಜರ್ಮನಿಯ ಡಾರ್ಮ್‌ಸ್ಟಾಟ್ ನಗರದ ಯೋಹಾನ್ ಯಾಕೋಬ್ ಕೌಪ್. ಅದೇ ವರ್ಷ ಟ್ಯಾಕಿಸ್ಪೈಜಾ ಎಂಬ ಹೆಸರನ್ನೂ ಅವನೇ ಕೊಟ್ಟ. ಕೌಪ್ ಒಂದು ವಿಚಿತ್ರ ನಂಬಿಕೆಯ ಮನುಷ್ಯ: ನಿಸರ್ಗದಲ್ಲಿ ಎಲ್ಲವೂ ಐದೈದರ ಗುಂಪುಗಳಲ್ಲಿ ಜೋಡಣೆಯಾಗಿದೆ, ಪ್ರಾಣಿಗಳನ್ನೂ ಹಾಗೆಯೇ ವಿಂಗಡಿಸಬೇಕು ಎಂಬ ಪಂಥಕ್ಕೆ ಸೇರಿದವನು. ಆ ಸಿದ್ಧಾಂತವನ್ನು ಇಂದು ಇತಿಹಾಸಕಾರರಲ್ಲದೆ ಬೇರೆ ಯಾರೂ ಓದುವುದಿಲ್ಲ. ಆದರೆ ಪ್ರಾಣಿಗಳ ನಾಮಕರಣದ ನಿಯಮದ ಪ್ರಕಾರ ಒಂದು ಕುಲವನ್ನು ಒಡೆದಾಗ, ಬೇರ್ಪಟ್ಟ ಗುಂಪಿಗೆ ಹಿಂದೆ ಯಾರಾದರೂ ಕೊಟ್ಟಿರುವ ಅರ್ಹ ಹೆಸರುಗಳಲ್ಲಿ ಅತಿ ಹಳೆಯದನ್ನೇ ಎತ್ತಿಕೊಳ್ಳಬೇಕು. ಹಾಗಾಗಿ, ತಪ್ಪು ಕಾರಣಕ್ಕೆ ಇಟ್ಟ ಹೆಸರುಗಳೆರಡು 180 ವರ್ಷಗಳ ನಂತರ ಕರ್ನಾಟಕದ ಹಕ್ಕಿಪಟ್ಟಿಯಲ್ಲಿ ಬಂದು ಕುಳಿತಿವೆ. ನನಗೆ ಇದರಲ್ಲಿ ಒಂದು ತಮಾಷೆಯ ನ್ಯಾಯ ಕಾಣುತ್ತದೆ.

ಆಕ್ಸಿಪಿಟರ್ ಎಂಬುದು 1760ರಲ್ಲಿ ಫ್ರಾನ್ಸಿನ ಪಕ್ಷಿಶಾಸ್ತ್ರಜ್ಞ ಬ್ರಿಸ್ಸಾನ್ ಕೊಟ್ಟ ಕುಲ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದರಲ್ಲಿ ಸುಮಾರು 50 ಪ್ರಭೇದಗಳು ಸೇರಿ, ಬೇಟೆಹಕ್ಕಿಗಳಲ್ಲೇ ಅತಿ ದೊಡ್ಡ ಕುಲವೆನಿಸಿತು. ಸೇರಿಸುವುದಕ್ಕೆ ಬೇಕಾದ ಅರ್ಹತೆಯೂ ಸರಳ: ಗಿಡ್ಡ ಅಗಲ ರೆಕ್ಕೆ, ಉದ್ದ ಬಾಲ, ಮರಗಳ ನಡುವೆ ತಿರುಗಿ ನುಗ್ಗುವ ಹಾರಾಟ. ರೆಕ್ಕೆ ಗಿಡ್ಡವಾಗಿದ್ದರೆ ಕೊಂಬೆಗಳಿಗೆ ತಗುಲುವುದಿಲ್ಲ. ಬಾಲ ಉದ್ದವಾಗಿದ್ದರೆ ಗಕ್ಕನೆ ದಿಕ್ಕು ಬದಲಿಸಬಹುದು. ಅಡಗಿ ಕುಳಿತು ಸ್ವಲ್ಪ ದೂರವಷ್ಟೇ ರಭಸದಿಂದ ಹಾರಿ ಹಿಡಿಯುವ ಬೇಟೆಗೆ ಇದಕ್ಕಿಂತ ಒಳ್ಳೆಯ ಮೈಕಟ್ಟು ಇಲ್ಲ. ಈ ಮೈಕಟ್ಟು ಇದ್ದವೆಲ್ಲ ಒಂದೇ ಮನೆಯವು ಎಂಬುದಕ್ಕೆ ಬಹುಕಾಲ ಹೆಚ್ಚಿನವರು ದೊಡ್ಡದಾಗಿ ತಕರಾರು ಮಾಡಲಿಲ್ಲ. ಮಾಡಲು ಕಾರಣವೂ ಇರಲಿಲ್ಲ, ಏಕೆಂದರೆ ಕೈಗೆ ಸಿಗುತ್ತಿದ್ದುದು ಒಣಗಿಸಿದ ಚರ್ಮ, ಗರಿ ಮತ್ತು ಮೂಳೆ ಮಾತ್ರ.

ಡಿಎನ್ಎ ಹೋಲಿಕೆ ಶುರುವಾದ ಮೇಲೆ ತೊಂದರೆ ಬೇರೆಯೇ ಕಡೆಯಿಂದ ಬಂತು. ಹ್ಯಾರಿಯರ್‌ಗಳು ನಮಗೆ ಗೊತ್ತಿರುವ ಹಕ್ಕಿಗಳೇ. ಚಳಿಗಾಲದಲ್ಲಿ ಬೆಂಗಳೂರಿನ ಹೊರಗಿನ ಹೆಸರಘಟ್ಟದ ಹುಲ್ಲುಗಾವಲಿಗೂ ಬಯಲುಸೀಮೆಯ ಬೇರೆ ಹುಲ್ಲುಬಯಲುಗಳಿಗೂ ಬರುತ್ತವೆ. ಉದ್ದವಾದ ತೆಳು ರೆಕ್ಕೆ, ನೆಲದಿಂದ ಆಳೆತ್ತರದಲ್ಲಿ ತೇಲುತ್ತ ಹುಲ್ಲನ್ನು ಶೋಧಿಸುವ ಹಾರಾಟ, ನೆಲದ ಮೇಲೆ ಗೂಡು: ಯಾವ ಲೆಕ್ಕದಲ್ಲೂ ಕಾಡು ಗಿಡುಗಕ್ಕೆ ಇವು ತದ್ವಿರುದ್ಧ. ಅವುಗಳ ಕುಲ ಸರ್ಕಸ್. ಈ ಸರ್ಕಸ್ ಕುಲ ಆಕ್ಸಿಪಿಟರ್ ಕುಲದ ಪಕ್ಕದಲ್ಲಿ ನಿಲ್ಲುವ ಬದಲು ಅದರ ಒಳಗೇ, ಗಿಡುಗಗಳ ಕೊಂಬೆಗಳ ನಡುವೆಯೇ, ಒಂದು ಕೊಂಬೆಯಾಗಿ ಬೆಳೆದಿದೆ ಎಂದು ವಂಶವೃಕ್ಷಗಳು ಮತ್ತೆ ಮತ್ತೆ ತೋರಿಸಿದವು. ಹಾಗಿದ್ದರೆ ಉಳಿದ ದಾರಿ ಎರಡೇ. ಹ್ಯಾರಿಯರ್‌ಗಳನ್ನೂ ಆಕ್ಸಿಪಿಟರ್ ಎಂದು ಕರೆದು ಇನ್ನೂ ದೊಡ್ಡ, ಅರ್ಥವಿಲ್ಲದ ಕುಲವೊಂದನ್ನು ಕಟ್ಟಬೇಕು. ಇಲ್ಲವೆ ಆಕ್ಸಿಪಿಟರನ್ನು ಒಡೆಯಬೇಕು. 2024ರಲ್ಲಿ ತೆರೀಸ್ ಕಟನಾಕ್, ಮ್ಯಾಥ್ಯೂ ಹ್ಯಾಲಿ ಮತ್ತು ಸ್ಟೇಸಿ ಪಿರೋ ಜಂಟಿಯಾಗಿ ಪ್ರಕಟಿಸಿದ ಅಧ್ಯಯನ ಎರಡನೆಯ ದಾರಿಗೆ ಬೇಕಾದ ಆಧಾರವನ್ನು ಒದಗಿಸಿತು. ಜೀನೋಮಿನಲ್ಲಿ ದೀರ್ಘಕಾಲ ಹೆಚ್ಚು ಬದಲಾಗದೆ ಉಳಿಯುವ ತುಣುಕುಗಳನ್ನು ನೂರಾರು ಸಂಖ್ಯೆಯಲ್ಲಿ ಹಿಡಿದು ಹೋಲಿಸುವ ವಿಧಾನ ಅದು. ಆಗ ಯುರೋಪ್ ಮತ್ತು ಅಮೆರಿಕದ ದೊಡ್ಡ ಗಾಸ್‌ಹಾಕ್‌ಗಳು ಆಸ್ಟರ್ ಕುಲಕ್ಕೂ, ಶಿಕ್ರದ ಬಳಗ ಟ್ಯಾಕಿಸ್ಪೈಜಾಕ್ಕೂ, ಆಫ್ರಿಕಾದ ಕೆಲವು ಪ್ರಭೇದಗಳು ಏರೋಸ್ಪೈಜಾಕ್ಕೂ ಹೋದವು.

ಜುಟ್ಟಿನ ಗಿಡುಗದ ಸ್ಥಾನ ಈ ಎಲ್ಲದರಲ್ಲಿ ಅತಿ ಕುತೂಹಲದ್ದು. ಅದು ಆಕ್ಸಿಪಿಟರ್‌ಗೂ ಆಸ್ಟರ್‌ಗೂ ಟ್ಯಾಕಿಸ್ಪೈಜಾಕ್ಕೂ ಹತ್ತಿರದ್ದಲ್ಲ. ಇವೆಲ್ಲ ಒಂದರಿಂದ ಒಂದು ಬೇರೆಯಾಗುವ ಮೊದಲೇ ಕವಲೊಡೆದು ಹೋದ ಹಳೆಯ ಶಾಖೆಯದು. ಇದನ್ನು ನೇರವಾಗಿ ಹೇಳುವುದಾದರೆ, ಹೆಸರಘಟ್ಟದ ಹುಲ್ಲಿನ ಮೇಲೆ ತೇಲುವ ಹ್ಯಾರಿಯರ್ ನಮ್ಮ ಸ್ಪ್ಯಾರೋಹಾಕಿಗೆ ಹತ್ತಿರದ ನೆಂಟ. ನೋಡಲು ಸ್ಪ್ಯಾರೋಹಾಕಿನ ದೊಡ್ಡಣ್ಣನಂತೆ ಕಾಣುವ ಜುಟ್ಟಿನ ಗಿಡುಗ ದೂರದವನು. ಬೆಸ್ರಾ ಮತ್ತು ಜುಟ್ಟಿನ ಗಿಡುಗ ಒಂದೇ ಕಣಿವೆಯಲ್ಲಿ, ಒಂದೇ ತರಹದ ಗಂಟಲುಗೆರೆ ಹೊತ್ತು, ಒಂದೇ ತರಹದ ಎದೆಯ ಬಣ್ಣದಲ್ಲಿ ಬಾಳುತ್ತಿದ್ದರೂ ಆ ಹೋಲಿಕೆಯನ್ನು ಅವು ಒಬ್ಬ ಅಜ್ಜನಿಂದ ಪಡೆದವು ಎಂದು ಹೇಳುವುದು ಕಷ್ಟವಾಗಿದೆ. ಕಾಡು ಗಿಡುಗನ ಮೈಕಟ್ಟು ಒಂದು ವಂಶದ ಸೊತ್ತಲ್ಲ, ಕಾಡಿನೊಳಗೆ ಬೇಟೆಯಾಡುವ ಕಸುಬು ಬೇಡುವ ಉಡುಪು ಎಂದು ನಾನು ಈಗ ತಿಳಿಯುತ್ತೇನೆ. ಆ ಕಸುಬಿಗೆ ಇಳಿದ ಬೇರೆ ಬೇರೆ ವಂಶಗಳು ಅದನ್ನು ಬೇರೆ ಬೇರೆ ಸಲ ತೊಟ್ಟಿವೆ, ಅಥವಾ ಹಳೆಯ ಕಾಲದ ಉಡುಪನ್ನು ಕೆಲವು ಉಳಿಸಿಕೊಂಡು ಹ್ಯಾರಿಯರ್‌ಗಳಂತಹವು ಕಳಚಿ ಹಾಕಿವೆ. ಅಮೆರಿಕದಲ್ಲೂ ಇಂತಹದೇ ಒಂದು ಜೋಡಿ ಇದೆ. ಅಲ್ಲಿನ ಕೂಪರ್ಸ್ ಹಾಕ್ ಮತ್ತು ಶಾರ್ಪ್-ಶಿನ್ಡ್ ಹಾಕ್ ಒಂದನ್ನೊಂದು ಎಷ್ಟು ಹೋಲುತ್ತವೆಯೆಂದರೆ ಅವುಗಳನ್ನು ಬೇರ್ಪಡಿಸುವುದು ಅಲ್ಲಿಯ ಪಕ್ಷಿವೀಕ್ಷಕರಿಗೆ ಮುಗಿಯದ ಚರ್ಚೆ. 2024ರಿಂದ ಮೊದಲನೆಯದು ಆಸ್ಟರ್, ಎರಡನೆಯದು ಆಕ್ಸಿಪಿಟರ್.

ಹೊಸ ಕುಲದಲ್ಲಿ ಜುಟ್ಟಿನ ಗಿಡುಗಕ್ಕೆ ಒಬ್ಬನೇ ಜೊತೆಗಾರ: ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ಗಿಡುಗ, 1862ರಲ್ಲಿ ಶ್ಲೇಗೆಲ್ ಹೆಸರಿಸಿದ ಲೋಫೋಸ್ಪೈಜಾ ಗ್ರಿಸೆಯೈಸೆಪ್ಸ್. ಕುಲದ ವಿಚಾರ ಇಲ್ಲಿಂದ ನೆಲೆಯ ವಿಚಾರಕ್ಕೆ ದಾಟುತ್ತದೆ. ಬೋರ್ನಿಯೋ ಮತ್ತು ಸುಲಾವೆಸಿಗಳ ನಡುವೆ ಇರುವ ಮಕಾಸ್ಸರ್ ಜಲಸಂಧಿ ಆಳವಾದದ್ದು. ಹಿಮಯುಗಗಳಲ್ಲಿ ಸಮುದ್ರದ ಮಟ್ಟ ಇಂದಿಗಿಂತ ನೂರಕ್ಕೂ ಹೆಚ್ಚು ಮೀಟರ್ ಇಳಿದಾಗ ಸುಮಾತ್ರಾ, ಜಾವಾ, ಬೋರ್ನಿಯೋ ಮತ್ತು ಮಲಯ ಪರ್ಯಾಯದ್ವೀಪ ಒಂದೇ ನೆಲವಾಗಿ ಕೂಡಿಕೊಂಡವು; ಸುಲಾವೆಸಿ ಮಾತ್ರ ಆಗಲೂ ದ್ವೀಪವಾಗಿಯೇ ಉಳಿಯಿತು. ಆಲ್‌ಫ್ರೆಡ್ ರಸೆಲ್ ವಾಲೇಸ್ ಎಂಬ ಬ್ರಿಟಿಷ್ ನಿಸರ್ಗವಿಜ್ಞಾನಿ ಏಷ್ಯಾದ ಪ್ರಾಣಿಗಳಿಗೂ ಆಸ್ಟ್ರೇಲಿಯಾ ಕಡೆಯ ಪ್ರಾಣಿಗಳಿಗೂ ನಡುವೆ ಗೆರೆ ಎಳೆದದ್ದು ಇದೇ ಜಲಸಂಧಿಯ ಮೇಲೆ. ಗೆರೆಯ ಈಚೆಗೆ ಒಂದು ಗಿಡುಗ, ಆಚೆಗೆ ಅದರ ತಮ್ಮ. ಇವೆರಡೂ ಒಂದೇ ಕುಲ ಎಂದು ತಿಳಿಯದಿದ್ದಾಗ ಇದು ಎರಡು ದ್ವೀಪಗಳ ಎರಡು ಹಕ್ಕಿಗಳ ಕಥೆಯಾಗಿತ್ತು. ಈಗ ಒಂದು ಹಳೆಯ ವಂಶ ನೀರಿನಿಂದ ಎರಡಾದ ಕಥೆಯಾಗಿದೆ.

ಗೆರೆಯ ಈಚೆಗಿನ ಹಕ್ಕಿ ಹರಡಿರುವ ವ್ಯಾಪ್ತಿ ದೊಡ್ಡದು. ನೈಋತ್ಯ ಭಾರತ ಮತ್ತು ಶ್ರೀಲಂಕಾ. ಹಿಮಾಲಯದ ತಪ್ಪಲು, ನೇಪಾಳ, ಈಶಾನ್ಯ ಭಾರತ. ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ದಕ್ಷಿಣ ಚೀನಾ, ತೈವಾನ್. ಮಲಯ, ಸುಮಾತ್ರಾ, ಜಾವಾ, ಬೋರ್ನಿಯೋ. ಪಲಾವಾನ್ ಹಾಗೂ ಫಿಲಿಪ್ಪೀನ್ಸಿನ ಹಲವು ದ್ವೀಪಗಳು. ಹನ್ನೊಂದು ಉಪಪ್ರಭೇದಗಳನ್ನು ಒಪ್ಪಿಕೊಳ್ಳಲಾಗಿದೆ. ಇವುಗಳಲ್ಲಿ ಐದನ್ನು ಹೆಸರಿಸಿದವನು ಅರ್ನ್‌ಸ್ಟ್ ಮೇಯರ್, ಅದೂ 1949ರ ಒಂದೇ ಪ್ರಬಂಧದಲ್ಲಿ: ತೈವಾನಿನದು, ನಿಯಾಸ್ ದ್ವೀಪದ್ದು, ಜಾವಾದ್ದು, ಬೋರ್ನಿಯೋದ್ದು, ಪಲಾವಾನಿನದು. ಫಿಲಿಪ್ಪೀನ್ಸಿನ ಇನ್ನೊಂದನ್ನು ಅವನು 1945ರಲ್ಲೇ ಹೆಸರಿಸಿದ್ದ. ತಮ್ಮೊಳಗೆ ಕೂಡಿ ಸಂತಾನ ಪಡೆಯಬಲ್ಲ, ಬೇರೆ ಗುಂಪುಗಳಿಂದ ಸಂತಾನದ ಮಟ್ಟಿಗೆ ಬೇರ್ಪಟ್ಟ ಗುಂಪೇ ಪ್ರಭೇದ ಎಂಬ ವಿವರಣೆಯನ್ನು ಜೀವವಿಜ್ಞಾನದಲ್ಲಿ ನೆಲೆಗೊಳಿಸಿದವನೂ ಇದೇ ಮೇಯರ್. ದ್ವೀಪದಿಂದ ದ್ವೀಪಕ್ಕೆ ಬಣ್ಣ ಮತ್ತು ಅಳತೆ ಬದಲಾಗುವ ಇಂತಹ ಹಕ್ಕಿಗಳು ಆ ವಿವರಣೆಗೆ ಒಳ್ಳೆಯ ಪರೀಕ್ಷೆಗಳಾಗಿದ್ದವು: ನೀರು ಅಡ್ಡ ಬಂದಿರುವಾಗ ಅವು ಕೂಡುತ್ತವೆಯೋ ಇಲ್ಲವೋ ಎಂದು ನೋಡುವಂತಿಲ್ಲ, ಆದ್ದರಿಂದ ವ್ಯತ್ಯಾಸ ಎಷ್ಟಿದೆ ಎಂದು ಅಳೆದು ಊಹಿಸಬೇಕು. ಮೇಯರ್ ಅಳೆದು, ಇವೆಲ್ಲ ಒಂದೇ ಪ್ರಭೇದದ ತುಂಡುಗಳು ಎಂದು ತೀರ್ಮಾನಿಸಿದ. ಬಹುತೇಕ ಗೆರೆ, ಪಟ್ಟೆ ಮತ್ತು ರೆಕ್ಕೆಯ ಉದ್ದವನ್ನು ನೆಚ್ಚಿದ ತೀರ್ಮಾನ ಅದು ಎಂಬುದನ್ನು ನಾವು ಮರೆಯಬಾರದು, ಏಕೆಂದರೆ ಇಡೀ ಆಕ್ಸಿಪಿಟರ್ ಕುಲವನ್ನು ಬಹುಕಾಲ ಹಿಡಿದಿಟ್ಟಿದ್ದೂ ಅಂತಹದೇ ಗುರುತುಗಳು.

ನಮ್ಮ ಪಾಲಿನ ಹಕ್ಕಿಗೂ ಹೆಸರು ಬಂದದ್ದು 1949ರಲ್ಲೇ, ಆದರೆ ಬೇರೆಯವನಿಂದ. ವಾಲ್ಟರ್ ಕೋಯೆಲ್ಜ್ ಅಮೆರಿಕದ ಮಿಷಿಗನ್ನಿನವನು. ಅಲ್ಲಿನ ಮಹಾಸರೋವರಗಳ ಮೀನುಗಳಿಂದ ವೃತ್ತಿ ಆರಂಭಿಸಿ, ಆಮೇಲೆ ಭಾರತಕ್ಕೆ ಬಂದು ಹಿಮಾಲಯದಿಂದ ದಕ್ಷಿಣದವರೆಗೆ ಅಲೆದು ಅಪಾರ ಸಂಖ್ಯೆಯಲ್ಲಿ ಹಕ್ಕಿಗಳನ್ನೂ ಗಿಡಗಳನ್ನೂ ಸಂಗ್ರಹಿಸಿದ. ಅವನಿಗೂ ನಮ್ಮ ನೆಲಕ್ಕೂ ನೇರ ನಂಟಿದೆ: ಇಂದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಸೇರಿದ, ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಲೋಂಡಾ ಸುತ್ತಲಿನ ಹಕ್ಕಿಗಳ ಬಗ್ಗೆ 1942ರಲ್ಲಿ ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ. ರೈಲ್ವೆ ಜಂಕ್ಷನ್ ಎಂದಷ್ಟೇ ನಮಗೆ ಗೊತ್ತಿರುವ ಲೋಂಡಾ, ಪಕ್ಷಿಶಾಸ್ತ್ರದ ಹಳೆಯ ಕಾಗದಗಳಲ್ಲಿ ಹೀಗೆ ಪದೇ ಪದೇ ಎದುರಾಗುತ್ತದೆ. ಕೋಯೆಲ್ಜ್ ಉಪಪ್ರಭೇದಗಳನ್ನು ಹೆಸರಿಸುವುದರಲ್ಲಿ ತೀರ ಉದಾರಿಯಾಗಿದ್ದ. ಅವನು ಕೊಟ್ಟ ಹೆಸರುಗಳಲ್ಲಿ ಬಹಳಷ್ಟನ್ನು ನಂತರ ಬಂದವರು ಕೈಬಿಟ್ಟರು. ನೈಋತ್ಯ ಭಾರತದ ಜುಟ್ಟಿನ ಗಿಡುಗಕ್ಕೆ ಅವನು ಕೊಟ್ಟ ಪೆನಿನ್ಸುಲೇ ಮಾತ್ರ ಉಳಿದುಕೊಂಡಿದೆ. ಶ್ರೀಲಂಕಾದ ಹಕ್ಕಿಗೆ ಹ್ಯೂ ವಿಸ್ಲರ್ 1936ರಲ್ಲಿ ಕೊಟ್ಟ ಲೇಯಾರ್ಡೈ ಎಂಬ ಹೆಸರೂ ಉಳಿದಿದೆ. ವಿಸ್ಲರ್ ಪಂಜಾಬಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವನು. ಸಿಲೋನಿನ ಹಕ್ಕಿಗಳನ್ನು ಮೊದಲಿಗೆ ಶ್ರದ್ಧೆಯಿಂದ ದಾಖಲಿಸಿದವರಲ್ಲಿ ಒಬ್ಬನಾದ ಎಡ್ಗರ್ ಲೇಯಾರ್ಡನ ನೆನಪಿಗೆ ಆ ಹೆಸರು.

ಭೂಪಟದಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ಹಕ್ಕಿ ಇರುವ ಕಡೆಯಲ್ಲಿ ಅಲ್ಲ, ಇಲ್ಲದ ಕಡೆಯಲ್ಲಿ. ಪಶ್ಚಿಮಘಟ್ಟದ ಹಸಿರು ಪಟ್ಟಿ ಖಾನಾಪುರ, ದಾಂಡೇಲಿ, ಶರಾವತಿ ಕಣಿವೆ, ಆಗುಂಬೆ, ಕುದುರೆಮುಖ, ಕೊಡಗು ಎಂದು ದಕ್ಷಿಣಕ್ಕೆ ಇಳಿದು ಕೇರಳದತ್ತ ಹೋಗುತ್ತದೆ. ಪೂರ್ವಕ್ಕೆ ನಾಗರಹೊಳೆ, ಬಿಳಿಗಿರಿರಂಗನಬೆಟ್ಟಗಳವರೆಗೆ ಚಾಚುತ್ತದೆ. ಅಲ್ಲಿಂದ ಆಚೆಗೆ ಬಯಲುಸೀಮೆಯ ಕಪ್ಪುಮಣ್ಣು, ಕುರುಚಲು, ಜೋಳದ ಹೊಲ. ಹಿಮಾಲಯದ ತಪ್ಪಲಿನಲ್ಲಿ ಇದೇ ಹಕ್ಕಿ ಮತ್ತೆ ಸಾಲುಸಾಲಾಗಿ ಸಿಗುವವರೆಗೆ, ನಡುವಿನ ವಿಶಾಲ ಒಣನಾಡಿನಲ್ಲಿ ಮಧ್ಯಭಾರತದ ಬೆಟ್ಟಗಳು ಮತ್ತು ಪೂರ್ವಘಟ್ಟಗಳ ಕೆಲವು ಕಾಡುಗಳನ್ನು ಬಿಟ್ಟರೆ ಅದಕ್ಕೆ ಜಾಗವಿಲ್ಲ. ಭಾರತದ ಮಂಗಟ್ಟೆ ಹಕ್ಕಿಗಳಲ್ಲಿ ಅತಿ ದೊಡ್ಡದಾದ, ದಾಂಡೇಲಿಯವರು ತಮ್ಮದೇ ಎಂದುಕೊಂಡಿರುವ ಹಕ್ಕಿಯ ಭೂಪಟವೂ ಹೀಗೆಯೇ ಎರಡು ತುಂಡು: ಒಂದು ಪಶ್ಚಿಮಘಟ್ಟದಲ್ಲಿ, ಇನ್ನೊಂದು ಹಿಮಾಲಯ ಮತ್ತು ಈಶಾನ್ಯದಲ್ಲಿ. ಸಸ್ಯ, ಮೀನು, ಹಕ್ಕಿ ಎಲ್ಲದರಲ್ಲೂ ಪುನರಾವರ್ತನೆಯಾಗುವ ಈ ಒಡಕನ್ನು ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1949ರಲ್ಲಿ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಈಶಾನ್ಯದ ತೇವದ ಕಾಡಿನ ಜೀವಿಗಳು ಹಿಂದೊಮ್ಮೆ ಸಾತ್ಪುರ ಮತ್ತು ವಿಂಧ್ಯ ಪರ್ವತಸಾಲುಗಳನ್ನು ಹಿಡಿದು ಪಶ್ಚಿಮಕ್ಕೆ ಸಾಗಿ, ಅಲ್ಲಿಂದ ಪಶ್ಚಿಮಘಟ್ಟಕ್ಕೆ ಇಳಿದವು ಎಂಬುದು ಅದರ ತಿರುಳು. ಸಾಲಿಂ ಅಲಿಯವರು ಅದೇ ವರ್ಷ ಹಕ್ಕಿಗಳ ದೃಷ್ಟಿಯಿಂದ ಈ ದಾರಿಯನ್ನು ಚರ್ಚಿಸಿದರು. ಸಾತ್ಪುರದ ದಾರಿಯೊಂದೇ ಎಂದು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಹವಾಮಾನ ಒದ್ದೆಯಾಗಿದ್ದ ಕಾಲದಲ್ಲಿ ಪರ್ಯಾಯದ್ವೀಪದ ಹೆಚ್ಚಿನ ಭಾಗದಲ್ಲಿ ಕಾಡು ದಟ್ಟವಾಗಿದ್ದು, ಒಣಗುತ್ತ ಬಂದಂತೆ ಎರಡು ಅಂಚುಗಳಿಗೆ ಸರಿಯಿತು ಎಂಬ ವಿವರಣೆಯೂ ಅಷ್ಟೇ ಬಲವಾದದ್ದು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಹಾರಬಲ್ಲ ಹಕ್ಕಿಗೆ ಬೆಟ್ಟದ ದಾರಿ ಬೇಕಿಲ್ಲ, ಕೂರಲು ಮತ್ತು ಅಡಗಲು ಮರ ಬೇಕು. ಮರ ಹೋದಲ್ಲಿ ಹಕ್ಕಿಯೂ ಹೋಯಿತು ಎಂದರೆ ವಿವರಣೆ ಮುಗಿಯುತ್ತದೆ.

ಒಂದು ಅನುಮಾನವನ್ನು ಇಲ್ಲಿ ಸೇರಿಸಬೇಕು. ಶ್ರೀಲಂಕಾ ಮತ್ತು ಭಾರತದ ನಡುವಿನ ನೀರು ಆಳವಿಲ್ಲದ್ದು, ಹಿಮಯುಗಗಳಲ್ಲಿ ಅಲ್ಲಿ ನೆಲವೇ ಇತ್ತು; ತೈವಾನ್ ಜಲಸಂಧಿಯೂ ಹಾಗೆಯೇ. ಆದರೂ ಅಲ್ಲೆಲ್ಲ ಉಪಪ್ರಭೇದಗಳು ಬೇರೆ. ನಡುವೆ ನೆಲ ಇದ್ದಿತು ಎಂದ ಮಾತ್ರಕ್ಕೆ ಕಾಡು ಇದ್ದಿತು ಎಂದಾಗುವುದಿಲ್ಲ, ಮತ್ತು ಇಂತಹ ಹಕ್ಕಿಗೆ ಮರವಿಲ್ಲದ ನೆಲ ಸಮುದ್ರದಷ್ಟೇ ದೊಡ್ಡ ಅಡ್ಡಿ. ನಮ್ಮ ಬಯಲುಸೀಮೆಯನ್ನು ಹೀಗೆ ನೋಡಿದರೆ ಪಶ್ಚಿಮಘಟ್ಟವೂ ಒಂದು ದ್ವೀಪವೇ.

ಶಿಕ್ರದ ಭೂಪಟವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಸಹಾರಾದ ದಕ್ಷಿಣದ ಆಫ್ರಿಕಾದಿಂದ ಭಾರತವನ್ನು ಹಾದು ಆಗ್ನೇಯ ಏಷ್ಯಾದವರೆಗೆ ಅದು ಹರಡಿದೆ, ಭಾರತದ ಭೂಪಟದಲ್ಲಿ ಬಿಡುವೇ ಇಲ್ಲ. ಕುರುಚಲು ಕಾಡು, ತೆಂಗಿನ ತೋಟ, ಕೆರೆಯಂಚು, ಕಾಲೇಜಿನ ಮೈದಾನ, ಎಲ್ಲವೂ ಅದಕ್ಕೆ ಸಾಕು. ಹಿಂದೆ ಇವೆರಡೂ ಒಂದೇ ಕುಲ ಎಂದುಕೊಂಡಾಗ, ಅಣ್ಣ ಕಾಡಿನಲ್ಲಿ ಉಳಿದ, ತಮ್ಮ ಊರಿಗೆ ಇಳಿದ ಎಂಬಂತಹ ವಿವರಣೆ ಸಹಜವಾಗಿ ನಾಲಗೆಗೆ ಬರುತ್ತಿತ್ತು. ಈಗ ಅದು ನಿಲ್ಲುವುದಿಲ್ಲ. ಎರಡು ವಂಶಗಳು ಬೇರೆ ಬೇರೆ ಚರಿತ್ರೆಗಳೊಂದಿಗೆ ಒಂದೇ ನಾಡಿಗೆ ಬಂದು, ನಾಡನ್ನು ಹಂಚಿಕೊಂಡಿವೆ ಎನ್ನಬೇಕು.

ಈ ಹಂಚಿಕೆ ಎಷ್ಟು ಗಟ್ಟಿ ಎಂಬುದನ್ನು ತೈವಾನ್ ಮತ್ತು ಸಿಂಗಪುರದ ಸುದ್ದಿಗಳು ಪ್ರಶ್ನಿಸುತ್ತವೆ. ತೈಪೆ ನಗರದ ನಟ್ಟನಡುವೆ ಇರುವ ದಾಆನ್ ಅರಣ್ಯ ಉದ್ಯಾನದಲ್ಲಿ ಜುಟ್ಟಿನ ಗಿಡುಗ ಗೂಡು ಕಟ್ಟಿ ಮರಿ ಮಾಡುತ್ತದೆ. ಗೂಡಿಗೆ ಕ್ಯಾಮೆರಾ ಹಿಡಿದು ನೇರಪ್ರಸಾರವನ್ನೂ ಮಾಡಿದ್ದಾರೆ. ಆ ದೃಶ್ಯಗಳಲ್ಲಿ ಕಡ್ಡಿಯ ಗೂಡು, ಅದರ ಒಳಗೆ ಹಾಸಿದ ಹಸಿರೆಲೆ, ಹಿಂದಿನಿಂದ ಕೇಳುವ ವಾಹನಗಳ ಸದ್ದು, ಹೆಣ್ಣು ಒಂದು ಕಾಲಿನಿಂದ ಬೇಟೆಯನ್ನು ಅದುಮಿ ಹಿಡಿದು ಚೂರುಚೂರಾಗಿ ಕಿತ್ತು ಮರಿಗಳ ಬಾಯಿಗೆ ಇಡುವುದು, ಎಲ್ಲವೂ ಇದೆ. ಆಗುಂಬೆಯಲ್ಲಿ ನಾಚಿ ಅಡಗುವ ಹಕ್ಕಿಯೇ ಇದು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಸಿಂಗಪುರದಲ್ಲೂ, ಒಂದು ಕಾಲಕ್ಕೆ ಅಪರೂಪವಾಗಿದ್ದ ಇದು ಕಳೆದ ಎರಡು ದಶಕಗಳಲ್ಲಿ ಉದ್ಯಾನಗಳಲ್ಲಿಯೂ ಬಡಾವಣೆಗಳ ಮರಗಳಲ್ಲಿಯೂ ನೆಲೆಯೂರಿದೆ. ಹಾಗಾದರೆ ಕಾಡಿನ ಹಕ್ಕಿ ಎಂಬ ಹಣೆಪಟ್ಟಿಯ ಅರ್ಥವೇನು?

ನನ್ನ ಊಹೆ ಹೀಗಿದೆ, ಇದನ್ನು ಊಹೆ ಎಂದೇ ಓದಬೇಕು. ತೈವಾನಿನಲ್ಲಿ ಶಿಕ್ರ ನೆಲೆಸಿಲ್ಲ. ಸಿಂಗಪುರದಲ್ಲೂ ಅದು ಊರಿನ ಖಾಯಂ ನಿವಾಸಿಯಲ್ಲ. ಅಂದರೆ, ಓತಿಕ್ಯಾತ, ಅಳಿಲು, ಇಲಿ, ಪಾರಿವಾಳಗಳಿಂದ ತುಂಬಿದ ನಗರದ ಮರಗಳಲ್ಲಿ ಮಧ್ಯಮ ಗಾತ್ರದ ಗಿಡುಗವೊಂದಕ್ಕೆ ಇರುವ ಜಾಗ ಅಲ್ಲಿ ಖಾಲಿ ಇತ್ತು. ನಮ್ಮ ಮೈಸೂರು, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಆ ಜಾಗದಲ್ಲಿ ಶಿಕ್ರ ಬಹುಕಾಲದಿಂದ ಕುಳಿತಿದೆ. ಜೊತೆಗೆ ಮಳೆಯ ಲೆಕ್ಕವೂ ಇದೆ: ತೈಪೆ, ಸಿಂಗಪುರ ಎರಡೂ ವರ್ಷವಿಡೀ ತೇವದ ನಗರಗಳು, ಅಲ್ಲಿನ ಉದ್ಯಾನದ ಮರದ ಹಂದರ ಬೇಸಿಗೆಯಲ್ಲೂ ಮುಚ್ಚಿಕೊಂಡಿರುತ್ತದೆ, ಮತ್ತು ನಗರದ ಬೆನ್ನಿಗೇ ಕಾಡಿದೆ. ನಮ್ಮ ಬಯಲಿನ ನಗರಗಳ ಬೆನ್ನಿಗೆ ಇರುವುದು ಹೊಲ. ಇವೆರಡು ಕಾರಣಗಳಲ್ಲಿ ಯಾವುದು ಮುಖ್ಯ ಎಂಬುದನ್ನು ತೂಗಲು ಒಳ್ಳೆಯ ಜಾಗ ಕರಾವಳಿ ಮತ್ತು ಮಲೆನಾಡಿನ ನಮ್ಮ ಊರುಗಳೇ. ಮಂಗಳೂರು, ಉಡುಪಿ, ಪುತ್ತೂರು, ಸುಳ್ಯ, ಶಿರಸಿ, ಮಡಿಕೇರಿಗಳಲ್ಲಿ ಮಳೆಯೂ ಇದೆ, ಮರವೂ ಇದೆ, ಅಡಿಕೆ ತೋಟದ ಹಿಂದೆ ಕಾಡೂ ಇದೆ, ಶಿಕ್ರವೂ ಇದೆ. ಅಲ್ಲಿ ಊರೊಳಗೆ ಜುಟ್ಟಿನ ಗಿಡುಗ ಗೂಡು ಕಟ್ಟತೊಡಗಿದರೆ ಅಡ್ಡಿಯಾಗಿದ್ದುದು ತೇವ ಮತ್ತು ಮರದ ಕೊರತೆ, ಶಿಕ್ರ ಅಲ್ಲ ಎಂದಾಗುತ್ತದೆ. ಕಟ್ಟದೆ ಕಾಡಿನಂಚಿನಲ್ಲೇ ನಿಂತರೆ ಶಿಕ್ರದ ಮೇಲಿನ ನನ್ನ ಅನುಮಾನ ಬಲವಾಗುತ್ತದೆ. ಇದನ್ನು ತಿಳಿಯುವುದಕ್ಕೆ ಜೀನೋಮಿನ ಪ್ರಯೋಗಾಲಯ ಬೇಕಿಲ್ಲ. ಆ ಊರುಗಳಲ್ಲಿ ಇರುವವರು ಬಿಸಿಲೇರುವ ಹೊತ್ತಿಗೆ ತೋಟದ ಮೇಲೆ ಸುತ್ತುವ ಗಿಡುಗದ ಬಾಲದ ಬುಡವನ್ನು ಗಮನಿಸಿ, ಬಿಳಿ ಗರಿ ಉಬ್ಬಿದೆಯೇ, ರೆಕ್ಕೆತುದಿ ನಡುಗುತ್ತಿದೆಯೇ ಎಂದು ನೋಡಿ, ಸ್ಥಳ ಮತ್ತು ತಾರೀಖಿನೊಂದಿಗೆ ದಾಖಲಿಸಿದರೆ ಸಾಕು. ಶಿಕ್ರ ಕಂಡರೆ ಅದನ್ನೂ ಬಿಡದೆ ಬರೆಯಬೇಕು, ಏಕೆಂದರೆ ಈ ಪ್ರಶ್ನೆಯಲ್ಲಿ ಎರಡರ ದಾಖಲೆಗೂ ಒಂದೇ ಬೆಲೆ.